ಕೆಂಪು ಸೀರೆ, ಬಿಳಿ ಪಂಚೆ, ಹತ್ತೊಂಬತ್ತು ರನ್

ನಮ್ಮ ಮೊಹಲ್ಲಾದ ಕ್ರಿಕೆಟ್ ತಂಡವನ್ನು ನನ್ನಷ್ಟು ಬೈದವರು ಮೈಸೂರಿನಲ್ಲಿ ಇನ್ನೊಬ್ಬರಿಲ್ಲ. ನನ್ನಷ್ಟು ಚೆನ್ನಾಗಿ ಅವರ ಆಟ ನೋಡಿದವರೂ ಇಲ್ಲ. ನಮ್ಮ ಮನೆ ಇದ್ದದ್ದು ಮೈದಾನದ ತುದಿಗೆ, ನಡುವೆ ಒಂದು ಸಣ್ಣ ಬೀದಿ ಅಷ್ಟೆ. ಹಪ್ಪಳ ಸಂಡಿಗೆಗೆ ಕಾಗೆ ಕಾಯುವ ನೆಪದಲ್ಲಿ ಹತ್ತನೆಯ ವಯಸ್ಸಿನಿಂದ ತಾರಸಿಯ ಮೇಲೆ ಕೂತು, ಇಂಟರ್‌ಮೀಡಿಯಟ್ ಮುಗಿಯುವ ಹೊತ್ತಿಗೆ ಚೆಂಡು ಬೌಲರನ ಕೈ ಬಿಡುವಾಗಲೇ ಅದು ಎಲ್ಲಿಗೆ ಹೋಗುತ್ತದೆಂದು ಹೇಳುವಷ್ಟಾಗಿದ್ದೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಹೆಣ್ಣುಮಕ್ಕಳು ಕಾಲೇಜಿಗೆ ಹೋಗಬಹುದಿತ್ತು, ಮೈದಾನದಂಚಿನಲ್ಲಿ ಗಂಡಸರ ನಡುವೆ ನಿಂತು ಆಟ ನೋಡುವ ಹಾಗಿರಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ಅಂಚಿನಲ್ಲಿ ನಿಂತವರಿಗೆ ಆಟ ಅಡ್ಡಡ್ಡ ಕಾಣುತ್ತದೆ, ನನಗೆ ಬೌಲರನ ಬೆನ್ನ ಹಿಂದಿನಿಂದ ನೆಟ್ಟಗೆ ಕಾಣುತ್ತಿತ್ತು.

ತಂಡದ ನಾಯಕ ನನ್ನ ಅಣ್ಣ. ಮೊದಲು ಬ್ಯಾಟ್ ಹಿಡಿದು ಹೋಗುವವನೂ ಅವನೇ. ಭಾನುವಾರ ಸಂಜೆ ಕೈಕಾಲು ತೊಳೆದು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತು, "ಹೇಳಮ್ಮ ತಾಯಿ, ಇವತ್ತಿಂದು ಏನು ನಿನ್ನ ತೀರ್ಪು?" ಅನ್ನುತ್ತಿದ್ದ. ನಾನು ಚಪಾತಿ ಲಟ್ಟಿಸುತ್ತಾ ಒಬ್ಬೊಬ್ಬರನ್ನೇ ತೆಗೆದುಕೊಂಡು ಜಾಡಿಸುತ್ತಿದ್ದೆ.

ಬೌಲಿಂಗ್ ಬಗ್ಗೆ ನನಗೆ ದೂರಿರಲಿಲ್ಲ. ನಮ್ಮ ವೇಗದ ಬೌಲರ್ ಹೂಟಗಳ್ಳಿಯವನು. ಆಗ ಅದು ಬರೀ ಹೊಲಗದ್ದೆಯ ಹಳ್ಳಿ. ಬೆಳಗಿನ ಜಾವವೇ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದು, ತಿಂಗಳ ವರ್ತನೆಯ ಮನೆಗಳಿಗೆಲ್ಲ ಹಾಲು ಹಾಕಿ, ಖಾಲಿ ಕ್ಯಾನುಗಳನ್ನು ನಮ್ಮ ಜಗಲಿಯಲ್ಲಿಟ್ಟು ಮೈದಾನಕ್ಕಿಳಿಯುತ್ತಿದ್ದ. ನಾರಿನ ಚಾಪೆ ಹಾಸಿ ಮೊಳೆ ಹೊಡೆದ ಪಿಚ್ಚಿನ ಮೇಲೆ ಅವನ ಚೆಂಡು ಎದೆಯೆತ್ತರಕ್ಕೆ ಏಳುತ್ತಿತ್ತು. ಬ್ಯಾಟಿಂಗ್ ಮಾತ್ರ, ಅಣ್ಣನನ್ನು ಬಿಟ್ಟರೆ, ಬಂದ ಪುಟ್ಟ ಹೋದ ಪುಟ್ಟ. ಫೀಲ್ಡಿಂಗ್ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸ್ಲಿಪ್ಪಿನಲ್ಲಿ ನಿಲ್ಲುತ್ತಿದ್ದ ಜವಳಿ ಅಂಗಡಿಯವರ ಮಗ ಹಣೆತುಂಬ ವಿಭೂತಿ ಇಟ್ಟುಕೊಂಡು, ಮದುವೆಮನೆಯಲ್ಲಿ ಅತಿಥಿಗಳನ್ನು ಎದುರುಗೊಳ್ಳುವವನ ಹಾಗೆ ಕೈಕಟ್ಟಿ ನಿಂತಿರುತ್ತಿದ್ದ. ಚೆಂಡು ಬಂದರೆ ದಾರಿ ಬಿಡುತ್ತಿದ್ದ.

"ಅವರಪ್ಪ ಚಾಪೆ ಕೊಡ್ಸಿದಾರೆ ಕಣೆ, ಅವನನ್ನ ತೆಗೆಯೋಕಾಯ್ತದಾ?" ಅನ್ನುತ್ತಿದ್ದ ಅಣ್ಣ.

"ಹಂಗಾದ್ರೆ ಚಾಪೇನೇ ಸ್ಲಿಪ್ಪಲ್ಲಿ ನಿಲ್ಲಿಸು. ನಾಲ್ಕು ಚೆಂಡಾದ್ರೂ ತಡೀತದೆ," ಅನ್ನುತ್ತಿದ್ದೆ.

ಬಾಯಿಮಾತು ಅಷ್ಟೇ ಅಲ್ಲ, ತಂಡಕ್ಕೆ ನನ್ನಿಂದ ಒಂದು ಕೆಲಸವೂ ಆಗುತ್ತಿತ್ತು. ದೊಡ್ಡ ಮೈದಾನಗಳಲ್ಲಿ ಬೌಲರನ ಹಿಂದೆ ಬಿಳಿ ಪರದೆ ನಿಲ್ಲಿಸುತ್ತಾರೆ, ಬ್ಯಾಟ್ ಹಿಡಿದವನಿಗೆ ಕೆಂಪು ಚೆಂಡು ಸ್ಪಷ್ಟವಾಗಿ ಕಾಣಲಿ ಎಂದು. ನಮ್ಮಲ್ಲಿ ಅಂಥ ಪರದೆ ಎಲ್ಲಿಂದ ಬರಬೇಕು? ನಮ್ಮವರು ಬ್ಯಾಟ್ ಮಾಡುವಾಗ ನಾನು ಅಪ್ಪನ ಬಿಳಿ ಪಂಚೆಯನ್ನು ತಾರಸಿಯ ಗೋಡೆ ಮೇಲಿಂದ ಬೀದಿ ಕಡೆಗೆ ಅಗಲಕ್ಕೆ ಇಳಿಬಿಡುತ್ತಿದ್ದೆ. ಎದುರು ತಂಡ ಬ್ಯಾಟ್ ಮಾಡುವಾಗ ಪಂಚೆ ಒಣಗಿಹೋಗಿರುತ್ತಿತ್ತು, ಎತ್ತಿಕೊಳ್ಳುತ್ತಿದ್ದೆ. ಆಗ ಅವರಿಗೆ ಕಾಣುತ್ತಿದ್ದದ್ದು ಪಾಚಿಗಟ್ಟಿದ ಗೋಡೆ, ಅದರ ಹಿಂದೆ ಬೇವಿನ ಮರದ ಕಪ್ಪು ನೆರಳು. ಸಂಸಾರಸ್ಥರ ಮನೆಯಲ್ಲಿ ಬಟ್ಟೆ ಯಾವಾಗ ಒಣಗುತ್ತದೆಂದು ಯಾವ ಅಂಪೈರ್ ಕೇಳಿಯಾನು? ಇದು ಗೊತ್ತಿದ್ದದ್ದು ಅಣ್ಣನಿಗೆ ಮತ್ತು ನನಗೆ ಮಾತ್ರ. ಅದನ್ನು ಮೋಸ ಎಂದು ನಾವಿಬ್ಬರೂ ಕರೆದಿರಲಿಲ್ಲ.

ಆ ಭಾನುವಾರದ ಆಟ ಇಟ್ಟಿಗೆಗೂಡು ಬಡಾವಣೆಯ ತಂಡದ ಮೇಲೆ. ಬೆಂಗಳೂರಿನ ಒಂದು ಕಾರ್ಖಾನೆಯ ತಂಡದ ಕಾರ್ಯದರ್ಶಿ ಆಟ ನೋಡಲು ಬರುವವರಿದ್ದರು. ಅವರಿಗೆ ಬೇಕಾಗಿದ್ದದ್ದು ಒಬ್ಬನೇ ಒಬ್ಬ ಬ್ಯಾಟ್ಸ್‌ಮನ್. ಅವರ ಕಣ್ಣಿಗೆ ಬಿದ್ದವನಿಗೆ ಕಾರ್ಖಾನೆಯಲ್ಲಿ ಕೆಲಸ, ಜೊತೆಗೆ ಆಟ. ಅಣ್ಣ ಆಗಲೇ ಬಿ.ಎ. ಎರಡು ಸಲ ಕೂತು ಎದ್ದಿದ್ದ. ಅಪ್ಪನಿಗೆ ಸೌದೆ ಡಿಪೋ ಇತ್ತು. ಹಳ್ಳಿ ಬಿಟ್ಟು ಬಂದು ಸೌದೆ ಒಡೆದು ಒಡೆದು ಕಟ್ಟಿದ ಡಿಪೋ. ಶನಿವಾರ ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತದೆ ಹೇಳಿದರು: "ನಾಳಿಕ್ಕೆ ಆಗ್ನಿಲ್ಲ ಅಂದ್ರೆ ಸೋಮವಾರದಿಂದ ಡಿಪೋಲಿ ಕೂತ್ಕೊ. ಆ ಬ್ಯಾಟು ಅಟ್ಟಕ್ಕಾಕು. ಚೆಂಡೊಡ್ದು ಯಾರ ಹೊಟ್ಟೆ ತುಂಬ್ತು?"

ಅಣ್ಣ "ಆಗ್ಲಿ ಅಪ್ಪ" ಅಂದ. ಅನ್ನ ಅರ್ಧಕ್ಕೇ ಬಿಟ್ಟ.

ಬೆಳಿಗ್ಗೆ ಇಟ್ಟಿಗೆಗೂಡಿನವರು ಮೊದಲು ಬ್ಯಾಟ್ ಹಿಡಿದರು. ಕಾರ್ಯದರ್ಶಿಗಳು ಹುಣಸೆ ಮರದಡಿ ಮಡಿಸುವ ಕುರ್ಚಿ ಹಾಕಿಸಿಕೊಂಡು ತೊಡೆ ಮೇಲೆ ಪುಸ್ತಕ ಇಟ್ಟುಕೊಂಡಿದ್ದರು. ಇಟ್ಟಿಗೆಗೂಡಿನ ಕಡೆಯಿಂದ ಮೊದಲು ಬಂದವರು ಒಬ್ಬ ಡ್ರಾಯಿಂಗ್ ಮೇಷ್ಟರು. ಸಣಕಲು ಮನುಷ್ಯ, ಸೊಂಟಕ್ಕೆ ಬೆಲ್ಟಿಗೆ ಬದಲು ಟೈ ಕಟ್ಟಿದ್ದರು. ಇವರೇನು ಮಹಾ ಎಂದುಕೊಂಡೆ. ಎರಡನೇ ಓವರಿನಲ್ಲಿ ಹಾಲಿನವನ ಚೆಂಡನ್ನು ಅವರು ಸುಮ್ಮನೆ ಮುಂದೆ ಕಾಲಿಟ್ಟು ತಳ್ಳಿದರು, ಚೆಂಡು ನಮ್ಮ ಬೀದಿಯ ಚರಂಡಿಗೆ ಬಂದು ಬಿತ್ತು. ಅಂಥ ಹೊಡೆತವನ್ನು ನಾನು ಆ ಮೈದಾನದಲ್ಲಿ ನೋಡಿರಲಿಲ್ಲ. ಒಳಗೊಳಗೇ ಭೇಷ್ ಎಂದೆ. ಆಮೇಲೆ ಹುಣಸೆ ಮರದ ಕಡೆ ನೋಡಿದೆ. ಕಾರ್ಯದರ್ಶಿಗಳು ಏನೋ ಬರೆದುಕೊಳ್ಳುತ್ತಿದ್ದರು.

ಒಂದು ಕ್ಯಾಚ್ ಸ್ಲಿಪ್ಪಿಗೆ ಬಂತು. ವಿಭೂತಿಯವನು ದಾರಿ ಬಿಟ್ಟ. ಇನ್ನೊಂದು ಬಂತು, ಈ ಸಲ ಕೈ ಚಾಚಿದ, ಎಣ್ಣೆ ಸವರಿಕೊಂಡ ಕೈಯಿಂದ ಜಾರಿದ ಹಾಗೆ ಜಾರಿತು. ಮೇಷ್ಟರು ಹೊಡೆಯುತ್ತಲೇ ಹೋದರು, ಕಾರ್ಯದರ್ಶಿಗಳು ಬರೆಯುತ್ತಲೇ ಹೋದರು. ಪ್ರತಿ ಸಲ ಆ ಪೆನ್ಸಿಲ್ ಆಡಿದಾಗಲೂ ಅಣ್ಣ ಡಿಪೋದ ತಕ್ಕಡಿಯ ಮುಂದೆ ಕೂತಿರುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಕೋಪ ಬರುತ್ತಿತ್ತು.

ಆಗ ಕೆಳಗಿಳಿದು ಹೋದೆ. ಅವ್ವ ಹಿತ್ತಲಿನಲ್ಲಿದ್ದಳು. ಮಡಿಸಿಟ್ಟಿದ್ದ ಅವಳ ಕೆಂಪು ಸೀರೆ ತೆಗೆದುಕೊಂಡೆ. ಒಗೆದು ಒಗೆದು ಬಣ್ಣ ಮಾಸಿದ ಸೀರೆ, ಸರಿಯಾಗಿ ಹಳೇ ಚೆಂಡಿನ ಬಣ್ಣ. ಅದನ್ನು ತಂದು ತಾರಸಿಯ ಗೋಡೆಯ ಮೇಲಿಂದ ಅಗಲಕ್ಕೆ ಇಳಿಬಿಟ್ಟೆ. ಇದು ಅಣ್ಣ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಅಣ್ಣ ಕವರ್‌ನಲ್ಲಿ ನಿಂತಿದ್ದವನು ತಿರುಗಿ ನೋಡಿದ. ನೋಡಿ, ತಲೆ ಬಗ್ಗಿಸಿ ಪ್ಯಾಂಟಿಗೆ ಅಂಗೈ ಒರೆಸಿಕೊಂಡ. ತೆಗೆ ಎನ್ನಲಿಲ್ಲ.

ನಮ್ಮ ಮನೆ ಕಡೆಯಿಂದ ಹಾಲಿನವನು ಮತ್ತೆ ಬೌಲಿಂಗಿಗೆ ಬಂದ. ಮೊದಲ ಚೆಂಡಿಗೆ ಮೇಷ್ಟರು ತಡವರಿಸಿದರು. ಎರಡನೆಯದಕ್ಕೆ ಬ್ಯಾಟು ಎತ್ತಲೇ ಇಲ್ಲ, ಚೆಂಡು ಪಕ್ಕದಲ್ಲಿ ಹೋಯಿತು. ನನಗೆ ಎಂಥ ಖುಷಿಯಾಯಿತೆಂದರೆ ಗೋಡೆ ಹಿಡಿದುಕೊಂಡೆ. ಮೂರನೆಯದು ಚಾಪೆಯಿಂದ ಎದ್ದಿತು. ಮೇಷ್ಟರು ಅದು ಎಲ್ಲಿದೆಯೆಂದು ಹುಡುಕುವವರ ಹಾಗೆ ಮುಖ ಮುಂದೆ ಮಾಡಿದರು.

ಆ ಸದ್ದು ತಾರಸಿಯವರೆಗೂ ಕೇಳಿಸಿತು.

ಹತ್ತಿರದ ಮನೆ ನಮ್ಮದೇ. ನಾಲ್ಕು ಜನ ಅವರನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ, ಖಾಲಿ ಹಾಲಿನ ಕ್ಯಾನುಗಳ ಪಕ್ಕ, ಮಲಗಿಸಿದರು. ಹುಬ್ಬು ಸೀಳಿತ್ತು. ಕಣ್ಣು ಆಗಲೇ ಊದಿ ಮುಚ್ಚಿಕೊಂಡಿತ್ತು. ಒಳಗೆ ಏನಾಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ಹಾಲಿನವನು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು "ನಾ ಬೇಕಂತ ಆಕ್ನಿಲ್ಲ ಕಣ್ರವ್ವ, ದೇವ್ರಾಣೆ" ಎನ್ನುತ್ತಿದ್ದ. ಅವ್ವ ತಂಬಿಗೆ ನೀರು ತಂದು ರಕ್ತ ತೊಳೆಯುತ್ತಾ ನನ್ನ ಕಡೆ ಕೂಗಿದಳು: "ನಿಂತ್ಕೊಂಡು ಏನ್ ನೋಡ್ತಿದ್ದೀ? ಒಂದು ಬಿಳೀ ಬಟ್ಟೆ ತಾ ಓಗು!"

ಕೈಗೆ ಸಿಕ್ಕಿದ್ದು ಅಣ್ಣನಿಗೆಂದು ತಾರಸಿಯಲ್ಲಿ ಮಡಿಸಿಟ್ಟಿದ್ದ ಪಂಚೆ. ಅವ್ವ ಹಲ್ಲಿನಿಂದ ಅಂಚು ಕಚ್ಚಿ ಅದನ್ನು ಪರ್ರನೆ ಹರಿದಳು, ಮೇಷ್ಟರ ತಲೆಗೆ ಸುತ್ತಿದಳು.

ಮೇಷ್ಟರು ಮೆಲ್ಲಗೆ ಮಾತಾಡಿದರು. "ಬಾಲೇ ಕಾಣ್ಲಿಲ್ಲಮ್ಮ. ಯಾರೋ ಕೆಂಪು ಬಟ್ಟೆ ಒಣಗಾಕಿದ್ರು ನೋಡಿ, ಅದರಲ್ಲಿ ಸೇರ್ಕೊಂಡ್ಬುಡ್ತು. ಅವರದೇನು ತಪ್ಪು ಬುಡಿ, ಒಗೆದ ಮೇಲೆ ಒಣಗಾಕ್ಲೇಬೇಕಲ್ಲ."

ಅವ್ವನ ಕೈ ನಿಂತಿತು. ಆ ಸೀರೆಯನ್ನು ಅವಳು ಹಿಂದಿನ ದಿನವೇ ಒಗೆದು, ಒಣಗಿಸಿ, ಮಡಿಸಿಟ್ಟಿದ್ದಳು. ಬೀದಿಗೆ ಇಳಿದು ಮೇಲೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ತಿರುಗಿ ಬಂದು ಮೇಷ್ಟರ ಕಟ್ಟಿನ ಗಂಟು ಬಿಗಿದಳು. ಒಂದು ಏಟು ಹೊಡೆದಿದ್ದರೆ ಎಷ್ಟೋ ವಾಸಿ ಇತ್ತು. ಅಣ್ಣನೂ ಅಲ್ಲೇ ಇದ್ದ. ಮೇಷ್ಟರನ್ನು ಜಟಕಾಕ್ಕೆ ಹತ್ತಿಸಿ ಆಸ್ಪತ್ರೆಗೆ ಕಳಿಸುವವರೆಗೂ ಅವನು ಅವರ ಕೈ ಹಿಡಿದುಕೊಂಡಿದ್ದ.

ನಾನು ಮೇಲೆ ಹೋಗಿ ಸೀರೆ ಎತ್ತಿಕೊಂಡೆ. ಅಲ್ಲಿಗಾದರೂ ನನಗೆ ಬುದ್ಧಿ ಬಂತೆಂದು ಬರೆಯುವ ಆಸೆ ನನಗಿದೆ. ಬರಲಿಲ್ಲ. ಮಧ್ಯಾಹ್ನ ನಮ್ಮವರ ಬ್ಯಾಟಿಂಗ್ ಶುರುವಾಗುವ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ: ಪಂಚೆ ಹರಿದುಹೋಯಿತು, ಅಣ್ಣನಿಗೆ ಚೆಂಡು ಹೇಗೆ ಕಾಣಬೇಕು? ಅಪ್ಪ ಹಬ್ಬಕ್ಕೆ ಮಾತ್ರ ಉಡುವ ಜರಿಯಂಚಿನ ಪಂಚೆ ಟ್ರಂಕಿನಲ್ಲಿತ್ತು. ಅವ್ವನ ಕಣ್ಣು ತಪ್ಪಿಸಿ ಅದನ್ನು ತೆಗೆದು, ಗೋಡೆಯ ಮೇಲೆ ಇಳಿಬಿಟ್ಟೆ. ಬಿಸಿಲಿಗೆ ಅದು ಸುಣ್ಣ ಬಳಿದ ಹಾಗೆ ಹೊಳೆಯಿತು.

ಅಣ್ಣ ಬಂದು ಬ್ಯಾಟು ಊರಿ ತಲೆ ಎತ್ತಿದ. ಬೌಲರ್ ಓಡಲು ಶುರುಮಾಡಿದ್ದ. ಅಣ್ಣ ಕೈಯೆತ್ತಿ ಅವನನ್ನು ನಿಲ್ಲಿಸಿದ. ಬ್ಯಾಟನ್ನು ತಾರಸಿಯ ಕಡೆ ಚಾಚಿ ಪಕ್ಕಕ್ಕೆ ಆಡಿಸಿದ: ತೆಗೆ.

ನಾನು ತಿಳಿಯದವಳ ಹಾಗೆ ನಿಂತೆ. ಮತ್ತೆ ಆಡಿಸಿದ. ಅಂಪೈರ್ ತಿರುಗಿದರು, ಇಟ್ಟಿಗೆಗೂಡಿನ ಉಳಿದ ಹತ್ತು ಜನ ತಿರುಗಿದರು, ಹುಣಸೆ ಮರದಡಿಯ ಕಾರ್ಯದರ್ಶಿಗಳೂ ಕುರ್ಚಿಯಲ್ಲಿ ಹೊರಳಿ ನೋಡಿದರು. ಅಷ್ಟು ವರ್ಷದಲ್ಲಿ ಮೈದಾನ ನನ್ನನ್ನು ನೋಡಿದ್ದು ಅದೇ ಮೊದಲು. "ಹುಚ್ಚನೇ, ಒಂದೇ ಒಂದು ಆಟ, ಇವತ್ತೊಂದು ದಿನ!" ಎಂದು ಕೂಗಬೇಕೆನಿಸಿತು. ಅಣ್ಣ ಬ್ಯಾಟು ಇಳಿಸಲಿಲ್ಲ. ಕೊನೆಗೆ ಪಂಚೆ ಎಳೆದುಕೊಂಡೆ. ಜರಿ ಗೋಡೆಗೆ ಸಿಕ್ಕಿ ಹರಿಯಿತು.

ಆಮೇಲಿನ ಆರು ಓವರ್ ನಾನು ಉಸಿರಾಡಿದೆನೋ ಇಲ್ಲವೋ. ಎದುರು ತುದಿಯ ಬೌಲರನಿಗೆ ಅಣ್ಣ ಚೆನ್ನಾಗಿಯೇ ಹೊಡೆದ. ನಮ್ಮ ಮನೆ ಕಡೆಯಿಂದ ಚೆಂಡು ಬರುವಾಗ ಪಾಚಿ ಗೋಡೆಯ ಕಡೆ ಕಣ್ಣು ಕಿರಿದು ಮಾಡುತ್ತಿದ್ದ. ಹದಿನೈದಾಯಿತು. ಒಂದು ಬೌಂಡರಿ ಹೊಡೆದಾಗ ಕಾರ್ಯದರ್ಶಿಗಳು ಪುಸ್ತಕ ತೆರೆದರು. ಹತ್ತೊಂಬತ್ತು. ಅವನು ಎದುರಿಸಿದ ಮುಂದಿನ ಚೆಂಡು ನಮ್ಮ ಮನೆ ಕಡೆಯಿಂದ, ನೇರವಾದದ್ದು, ಅಂಥ ವೇಗವೂ ಇಲ್ಲ. ಅವನ ಬ್ಯಾಟು ಇಳಿಯುವ ಮೊದಲೇ ನಡುವಿನ ಸ್ಟಂಪು ಮಲಗಿತ್ತು. ಕಾರ್ಯದರ್ಶಿಗಳು ಪುಸ್ತಕ ಮುಚ್ಚಿ, ಚಹಾ ಬರುವ ಮೊದಲೇ ಎದ್ದು ಹೋದರು.

ಮೇಷ್ಟರ ಕಣ್ಣು ಉಳಿಯಿತು. ಅದು ನಮಗೆ ತಿಳಿದದ್ದು ಎಂಟು ದಿನವಾದ ಮೇಲೆ. ಆ ಎಂಟು ದಿನವೂ ನನಗೆ ಊಟ ಸೇರಲಿಲ್ಲ, ಅವ್ವ ನನ್ನ ಜೊತೆ ಮಾತಾಡಲಿಲ್ಲ.

ಆಟದ ದಿನ ಸಂಜೆ ಅಣ್ಣ ಎಂದಿನಂತೆ ಕೈಕಾಲು ತೊಳೆದು ಬಂದು ಗೋಡೆಗೆ ಒರಗಿದ. ತೀರ್ಪು ಕೇಳಲಿಲ್ಲ. ಅಪ್ಪ ಡಿಪೋದಿಂದ ಬಂದವರು ಬಾಗಿಲಲ್ಲೇ ನಿಂತು, ಜೀವನದಲ್ಲಿ ಒಂದೇ ಸಲ, "ಎಷ್ಟೊಡ್ದೆ?" ಎಂದು ಕೇಳಿದರು.

"ಹತ್ತೊಂಬತ್ತು."

"ಸಾಲ್ದಾ?"

"ಸಾಲ್ದು ಅಪ್ಪ."

ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಅವರು ಅತ್ತ ಹೋದದ್ದೇ ನನಗೆ ತಡೆಯಲಾಗಲಿಲ್ಲ. "ಪಂಚೆ ಇದ್ದಿದ್ರೆ ಕಾಣ್ತಿತ್ತು ಅಣ್ಣ. ನಿಂಗೆ ಆ ಚೆಂಡು ಕಾಣ್ಲಿಲ್ಲ. ನಾನೇ ಎಲ್ಲಾ ಹಾಳ್ಮಾಡ್ಬುಟ್ಟೆ."

ಅವನು ನನ್ನ ಕೈಯಿಂದ ಲಟ್ಟಣಿಗೆ ತೆಗೆದು ಪಕ್ಕಕ್ಕಿಟ್ಟ. "ಕಾಣ್ತು ಕಣೆ," ಅಂದ. "ಚೆನ್ನಾಗಿ ಕಾಣ್ತು. ಕಂಡೂ ಕಂಡೂ ಔಟಾದೆ. ನೀನು ಬೇರೆ ಏನೂ ಅಂದ್ಕೋಬೇಡ."

ಸೋಮವಾರ ಬೆಳಿಗ್ಗೆ ಬ್ಯಾಟನ್ನು ಅಟ್ಟಕ್ಕೆ ಹಾಕಿ ಅಪ್ಪನ ಹಿಂದೆ ಡಿಪೋಗೆ ಹೋದ. ಮೂವತ್ತು ವರ್ಷ ಅಲ್ಲೇ ಕೂತ, ಒಮ್ಮೆಯೂ ಆ ಮಾತು ಎತ್ತಲಿಲ್ಲ. ಅವನ ಮಾತನ್ನು ನಂಬಿದವಳ ಹಾಗೆಯೇ ನಾನೂ ಇದ್ದೆ. ಆದರೆ ನನಗಿಂತ ಚೆನ್ನಾಗಿ ಆ ತಂಡದ ಆಟ ನೋಡಿದವರಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಬೌಲರನ ಬೆನ್ನ ಹಿಂದಿನಿಂದ ನೆಟ್ಟಗೆ ನೋಡಿದ್ದೇನೆ. ಅವನಿಗೆ ಆ ಚೆಂಡು ಕಂಡಿರಲಿಲ್ಲ.