ಕಸದ ಮೂಲೆಯ ನವಿಲು

ಅಂಟು ಬಿಸಿಲಿಗೆ ಕರಗಿ ಬಾಟಲಿ ಮುಚ್ಚಳಗಳು ಉದುರಬಹುದು. ಉದುರಿದ್ದನ್ನು ಹಸು ತಿನ್ನಬಹುದು. ಒಡೆದ ಬಳೆಯ ಚೂರು ಯಾವುದೋ ಮಗುವಿನ ಅಂಗೈಗೆ ಚುಚ್ಚಬಹುದು. ಅರ್ಧ ಕೆಲಸವಾದ ಮೇಲೆ ಗೋಡೆಯ ಮಾಲೀಕರು ಬೇಡ ಎನ್ನಬಹುದು. ಅದರ ಮೇಲೆ ಯಾರೋ ಪುಢಾರಿಯ ಹುಟ್ಟುಹಬ್ಬದ ಪೋಸ್ಟರ್ ಬೀಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮರುದಿನ ಬೆಳಿಗ್ಗೆಯೇ ಸ್ಕೂಟರಿನಲ್ಲಿ ಬಂದವರು ಎಂದಿನ ಹಾಗೆ ಗಾಡಿ ನಿಲ್ಲಿಸದೆ ಕಸದ ಕವರನ್ನು ಬೀಸಿ ಹೋಗಬಹುದು.

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಕಸ ಬೀಳುವ ಮೂಲೆಗೋಡೆಯನ್ನು ಮನೆಮನೆಯ ಕಸದಿಂದಲೇ ಅಲಂಕರಿಸೋಣ ಎಂದು ತೀರ್ಮಾನವಾದ ದಿನ ನಾನು ಯೋಚಿಸಿದ್ದು ಇಷ್ಟು. ಹೆಂಡತಿಗೆ ಹೇಳಿದೆ. "ನೀವು ಮದುವೆ ಮಂಟಪದಲ್ಲೂ ಹೀಗೇ ಕೂತಿದ್ರಿ," ಎಂದಳು.

ಕೊನೆಯ ಭಯ ಮಾತ್ರ ನನ್ನೊಬ್ಬನದಲ್ಲ. ಆ ಮೂಲೆಗೆ ಎದುರಿನ ಬಾಡಿಗೆ ಮನೆಯಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬರು ಬ್ಲೌಸ್ ಹೊಲಿಯುತ್ತಾರೆ. ಮಿಷನ್ ಇರುವುದು ಕಿಟಕಿಯ ಪಕ್ಕ. ತೆರೆದರೆ ನಾತ, ಮುಚ್ಚಿದರೆ ಹಗಲಲ್ಲೂ ಲೈಟು. ಅಳತೆ ಕೊಡಲು ಬಂದವರು ಮೂಗು ಮುಚ್ಚಿಕೊಂಡು ವಾಪಸಾಗುತ್ತಿದ್ದರು. "ಈ ಸಲಾನೂ ಕಸಾ ನಿಲ್ಲಲಿಲ್ಲಾ ಅಂದ್ರ ಮನಿ ಖಾಲಿ ಮಾಡ್ತೀವ್ರೀ ಸರ್," ಎಂದಿದ್ದರು, ದಿನಾ ಕಸ ಹಾಕುವವನು ನಾನೇ ಎಂಬಂತೆ ನೋಡುತ್ತ.

ರಸ್ತೆಯವರ ಸಭೆಯಲ್ಲಿ, ದೇವರ ಚಿತ್ರವಿರುವ ಟೈಲ್ಸ್ ಅಂಟಿಸಿದರೆ ಸಾಕಲ್ಲ ಎಂದರು ಕೆಲವರು. ನಮ್ಮ ಊರಿನಲ್ಲಿ ಗೋಡೆ ಕಾಯುವ ಕೆಲಸ ದೇವರದ್ದೇ. ನಾನು ಎದ್ದು ನಿಂತು ವಿರೋಧಿಸಿದೆ. ದೇವರು ಬಂದರೆ ಹಿಂದೆಯೇ ಗಾಜೊಡೆದ ಫೋಟೊಗಳು ಬರುತ್ತವೆ, ಬಾಡಿದ ಹಾರ ಬರುತ್ತದೆ, ಆಮೇಲೆ ಹುಂಡಿ, ಮೈಕು. ದೇವರ ಗೊಡವೆಯೇ ಬೇಡ, ಒಂದು ಪಕ್ಷಿ ಇರಲಿ, ನವಿಲು ಮಾಡೋಣ ಎಂದೆ. ಎಲ್ಲರೂ ತಕ್ಷಣ ಒಪ್ಪಿದರು. ನನ್ನ ಸಲಹೆ ಅಷ್ಟು ಬೇಗ ಪಾಸಾಗಿದ್ದು ಜೀವನದಲ್ಲಿ ಅದೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು.

ನಿವೃತ್ತ ಡ್ರಾಯಿಂಗ್ ಮೇಡಂ ಒಬ್ಬರು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. ಕತ್ತಿಗೆ ನೀಲಿ ಮುಚ್ಚಳಗಳು, ಗರಿಗೆ ಹಸಿರು ಬಳೆ, ಕಾಲಡಿಗೆ ಯಾರದೋ ಬಚ್ಚಲಿನ ಒಡೆದ ಟೈಲ್ಸ್. ಹೊಲಿಯುವವರು ಒಂದು ಚೀಲ ಗುಂಡಿ ತಂದುಕೊಟ್ಟರು. ನನ್ನ ಕಾಣಿಕೆ ಖಾಲಿ ಮಾತ್ರೆ ಪಟ್ಟಿಗಳು: ಬಿಪಿ, ಗ್ಯಾಸ್ಟ್ರಿಕ್, ನಿದ್ದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ನವಿಲಿನ ಜುಟ್ಟಿಗೆ ಸಾಕಾಗಿ ಮಿಕ್ಕವು.

ಹಾಲು ತರುವ ನೆಪದಲ್ಲಿ ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಮುಚ್ಚಳ ಉದುರಲಿಲ್ಲ, ಪೋಸ್ಟರ್ ಬೀಳಲಿಲ್ಲ. ಸ್ಕೂಟರಿನವರೊಬ್ಬರು ಕವರ್ ಹಿಡಿದು ಬಂದು, ನವಿಲನ್ನು ನೋಡಿ, ಕವರ್ ಸಮೇತ ಮುಂದೆ ಹೋದರು. ಮುಂದಿನ ಕ್ರಾಸಿನವರನ್ನು ನೆನೆದು ಸ್ವಲ್ಪ ಸಂಕಟವಾಯಿತು. ಆ ವಾರ ಎದುರು ಮನೆಯ ಕಿಟಕಿಯ ಎರಡೂ ಬಾಗಿಲು ತೆರೆದವು. ಮಿಷನ್ನಿನ ಸದ್ದು ರಸ್ತೆಯವರೆಗೆ ಕೇಳುತ್ತಿತ್ತು.

ಮುಂದಿನ ಮಂಗಳವಾರ ನೋಡಿದರೆ ನವಿಲಿನ ಹಣೆಯಲ್ಲಿ ಕುಂಕುಮ. ಟೈಲ್ಸಿನ ಸಂದಿಯಲ್ಲಿ ಊದಿನಕಡ್ಡಿ. ಅದು ಸುಬ್ರಹ್ಮಣ್ಯನ ವಾಹನ ಎನ್ನುವುದು ಇಡೀ ರಸ್ತೆಗೆ ಹೊಳೆದಿತ್ತು, ನನ್ನೊಬ್ಬನನ್ನು ಬಿಟ್ಟು. ಹೊಗೆ ರಸ್ತೆ ದಾಟಿ ನೇರವಾಗಿ ಆ ಕಿಟಕಿಯೊಳಗೆ ಹೋಗುತ್ತಿತ್ತು.

ಆಕೆ ಕೆಮ್ಮುತ್ತ ಹೊರಗೆ ನೋಡಿದರು. ಮನೆ ಬಿಡುವ ಮಾತು ಬಂದೀತೆಂದು ನಾನು ಹೆದರಿದ್ದೆ.

"ಹೊಲಸ ನಾತ ಇದ್ದಾಗ ಬಾಯಿತುಂಬ ಬೈತಿದ್ವಿರೀ ಸರ್," ಎಂದರು. "ಇದಕ್ಕ ಹೆಂಗ ಬೈಯೂದು?"

ನಕ್ಕು, ಕಿಟಕಿಯ ಒಂದು ಬಾಗಿಲನ್ನು ಮಾತ್ರ ಮುಚ್ಚಿಕೊಂಡು ಮಿಷನ್ ತುಳಿಯತೊಡಗಿದರು.