ಮಣ್ಣಮ್ಮನ ಹಸಿರು ಗುಡ್ಡೆ

ನಮ್ಮ ಅತ್ತೆಯನ್ನು ಕ್ವಾರಿಯಲ್ಲಿ ಎಲ್ಲರೂ ಮಣ್ಣಮ್ಮ ಅಂತಲೇ ಕರೆಯುತ್ತಿದ್ದರು. ಉಳಿದವರೆಲ್ಲ ಕಲ್ಲು ಒಡೆಯುವ ಜಾಗದಲ್ಲಿ ಇವರೊಬ್ಬರದು ಮಣ್ಣು ಕಾಯುವ ಕೆಲಸ. ಕ್ವಾರಿ ತೋಡುವ ಮೊದಲು ಮೇಲಿನ ಒಳ್ಳೆಯ ಮಣ್ಣನ್ನೆಲ್ಲ ಕೆರೆದು ಒಂದು ಕಡೆ ಗುಡ್ಡೆ ಹಾಕಿದ್ದರು. ಒಂದೊಂದು ಬದಿಯ ಕಲ್ಲು ಮುಗಿದ ಹಾಗೆಲ್ಲ ಅಲ್ಲಿ ಬೇಡದ ಕಲ್ಲು ಸುರಿದು ಇಳಿಜಾರು ಮಾಡಬೇಕು, ಮೇಲೆ ಈ ಮಣ್ಣು ಹರಡಿ ಹುಲ್ಲು ಹಿಡಿಸಬೇಕು ಎಂದು ಯೋಜನೆಯಲ್ಲೇ ಇತ್ತು. ಅಲ್ಲಿಯವರೆಗೆ ಮಣ್ಣು ಕೊಚ್ಚಿಹೋಗದಿರಲೆಂದು ಅತ್ತೆ ಗುಡ್ಡೆಯ ಮೈತುಂಬ ಹುಲ್ಲು ಬೆಳೆಸಿದರು. ಬೇಸಿಗೆಯಲ್ಲಿ ಟ್ಯಾಂಕರ್ ಡ್ರೈವರನ ಬೆನ್ನು ಹತ್ತಿ ನೀರು ಬಿಡಿಸುತ್ತಿದ್ದರು.

ಅದೇ ಕ್ವಾರಿಯಲ್ಲಿ ಟಿಪ್ಪರ್ ಓಡಿಸುವ ನನ್ನ ಗಂಡ, "ನನಗೂ ಇಷ್ಟು ನೀರು ಕುಡಿಸಿ ಬೆಳೆಸಿಲ್ಲ ನಮ್ಮಮ್ಮ," ಎನ್ನುತ್ತಿದ್ದರು.

"ನಿನಗೆ ಹೊಯ್ದಿದ್ದಕ್ಕೆಲ್ಲ ಬರೀ ನಾಲಿಗೆ ಬೆಳೀತು. ಇದಾದ್ರೂ ಉಪಯೋಗಕ್ಕೆ ಬರುತ್ತೆ ಬಿಡು," ಎನ್ನುತ್ತಿದ್ದರು ಅತ್ತೆ.

ಮೊದಲು ಕಲ್ಲು ಮುಗಿದದ್ದು ಕ್ವಾರಿಯ ಕೆಲಸದವರಿರುವ ನಮ್ಮ ಸಾಲುಮನೆಗಳ ಹಿಂದೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಬಟ್ಟೆ ಒಣಹಾಕುವ ತಂತಿ, ಅದರಾಚೆ ಸ್ವಲ್ಪ ಬಯಲು, ಆಮೇಲೆ ಏನೂ ಇಲ್ಲ. ಗೋಡೆಯ ಹಾಗೆ ನೇರ ಕೆಳಕ್ಕೆ, ತಳದಲ್ಲಿ ನೀರು. ಮಗಳು ಆಗಷ್ಟೇ ತಪ್ಪುಹೆಜ್ಜೆ ಇಡತೊಡಗಿದ್ದಳು. ನಾನು ಹಿತ್ತಲ ಬಾಗಿಲಿಗೆ ಹಲಗೆ ಅಡ್ಡ ಇಟ್ಟೆ. ಅವಳು ಹಲಗೆ ಹತ್ತುವುದನ್ನು ಕಲಿತಳು.

ಅಲ್ಲಿ ಇಳಿಜಾರು ಮಾಡಿಸುವುದು ಯಾವಾಗ ಎಂದು ಅತ್ತೆ ಮ್ಯಾನೇಜರನ್ನು ಕಂಡಾಗಲೆಲ್ಲ ಕೇಳುತ್ತಿದ್ದರು. "ಮಾಡಿಸೋಣ ಮಣ್ಣಮ್ಮ, ಗಾಡಿಗಳು ಬಿಡುವಾಗಲಿ," ಎನ್ನುವುದೇ ಉತ್ತರ. ಗಾಡಿಗಳು ಬಿಡುವಾಗಲಿಲ್ಲ, ಕಲ್ಲೇ ಖಾಲಿಯಾಯಿತು.

ಕ್ವಾರಿ ಮುಚ್ಚುವ ಮೊದಲು ನೆಲ ಸರಿ ಮಾಡಿದ್ದಾರೆಯೇ ಎಂದು ಅಧಿಕಾರಿಗಳು ನೋಡಲು ಬಂದರು. ಮ್ಯಾನೇಜರು ಅವರನ್ನು ಸೀದಾ ಗುಡ್ಡೆಯ ಹತ್ತಿರ ಕರೆದೊಯ್ದರು. ಸುತ್ತೆಲ್ಲ ಬಿಳಿ ಧೂಳು, ನಡುವೆ ಮೊಣಕಾಲೆತ್ತರದ ಹಸಿರು. ಬಂದವರು ಅಲ್ಲೇ ನಿಂತು ಫೋಟೊ ತೆಗೆಸಿಕೊಂಡರು.

"ಇಷ್ಟು ಚೆನ್ನಾಗಿ ನೆಲ ಸರಿ ಮಾಡಿರೋದು ನಾನು ಎಲ್ಲೂ ನೋಡಿಲ್ಲ," ಎಂದರು ಅವರಲ್ಲಿ ಹಿರಿಯರು.

"ಸರಿ ಮಾಡಿದ ನೆಲ ಅಲ್ಲ ಸಾರ್ ಇದು. ಹರಡೋಕೆ ಅಂತ ಇಟ್ಟಿರೋ ಮಣ್ಣು," ಎಂದರು ಅತ್ತೆ.

ಮ್ಯಾನೇಜರು ನಕ್ಕರು. "ಹೊಗಳ್ತಿದಾರೆ ಮಣ್ಣಮ್ಮ, ಸುಮ್ನೆ ಹೊಗಳಿಸ್ಕೊ."

ಆ ಸಂಜೆ ಅತ್ತೆ ಬಚ್ಚಲಲ್ಲಿ ಕಾಲು ತೊಳೆಯುತ್ತ ಬಹಳ ಹೊತ್ತು ಕೂತರು. "ನಾನು ಬೆಳೆಸಿದ ಹುಲ್ಲೇ ನನ್ನ ಬಾಯಿ ಮುಚ್ಚಿಸ್ತಲ್ಲೇ," ಎಂದರು.

ಮುಚ್ಚುವ ಕಾಗದಕ್ಕೆ ಸಹಿ ಹಾಕಲು ಅಧಿಕಾರಿಗಳು ಇನ್ನೊಮ್ಮೆ ಬರುವವರಿದ್ದರು. ಮರುದಿನದಿಂದಲೇ ಅತ್ತೆ ಗುಡ್ಡೆಯ ಹುಲ್ಲು ಕೀಳತೊಡಗಿದರು. ಬೇರಿಗೆ ಅಂಟಿ ಬಂದ ಮಣ್ಣನ್ನು ಒಂದೊಂದು ಹಿಡಿಯೂ ಕೊಡವಿ ಅಲ್ಲಿಗೇ ಬಿಡುತ್ತಿದ್ದರು, ಮಗುವಿನ ತಲೆ ಒರೆಸುವ ಹಾಗೆ.

"ಅತ್ತೆ, ಮಳೆ ಬಂದ್ರೆ?" ಎಂದೆ.

"ಮಳೆಗಿಂತ ಮುಂಚೆ ಅವರು ಬರ್ತಾರೆ. ಬೋಳು ಗುಡ್ಡೆ ಕಂಡ್ರಾದ್ರೂ ಇದೇನು ಅಂತ ಕೇಳ್ತಾರೆ."

ಅವರು ಮಳೆಗಿಂತ ಮುಂಚೆಯೇ ಬಂದರು, ಕೇಳಿಯೂ ಕೇಳಿದರು. ಈ ಸಲ ಅತ್ತೆಯೇ ಅವರನ್ನು ನಮ್ಮ ಮನೆಯ ಹಿಂದಕ್ಕೆ ಕರೆತಂದರು. ಹಿಂದೆ ಹೊಗಳಿದ್ದ ಹಿರಿಯರು ಅಂಚಿನಿಂದ ಕೆಳಗೆ ಇಣುಕಿದವರೇ ಹಿಂದೆ ಸರಿದು, ನಮ್ಮ ಬಟ್ಟೆ ತಂತಿ ಹಿಡಿದುಕೊಂಡರು. ಕಲ್ಲು ಸುರಿದು ಮಣ್ಣು ಹರಡುವವರೆಗೆ ಸಹಿ ಇಲ್ಲ ಎಂದರು.

ಟಿಪ್ಪರುಗಳು ಬಂದವು. ನನ್ನ ಗಂಡನೇ ಮನೆಯ ಹಿಂದೆ ಕಲ್ಲು ಸುರಿದರು. ನೇರ ಗೋಡೆ ದಿನದಿನಕ್ಕೂ ಇಳಿಜಾರಾಯಿತು. ಕಲ್ಲು ಸುರಿದು ಮುಗಿದ ದಿನ ಅತ್ತೆ ಎರಡು ತುತ್ತು ಜಾಸ್ತಿ ಉಂಡರು. ಇನ್ನು ಮಣ್ಣು ಹರಡುವುದೊಂದೇ ಬಾಕಿ.

ಅಷ್ಟರಲ್ಲಿ ಮಳೆ ಬಂತು, ಕಾಲವಲ್ಲದ ಕಾಲದಲ್ಲಿ. ಅತ್ತೆ ಟಾರ್ಪಾಲು ಎಳೆದುಕೊಂಡು ಓಡಿದರು. ಗಾಳಿಗೆ ಟಾರ್ಪಾಲು ಕೈಗೇ ಸಿಗಲಿಲ್ಲ. ಹಿಡಿದುಕೊಳ್ಳಲು ಒಂದು ಬೇರೂ ಇಲ್ಲದ ಮಣ್ಣು ಕೆಂಪು ನೀರಾಗಿ ಗುಂಡಿಗೆ ಇಳಿಯಿತು. ನನ್ನ ಗಂಡ ತಾಯಿಯನ್ನು ಎತ್ತಿಕೊಂಡೇ ಬಂದರು. ಬೆಳಿಗ್ಗೆ ಗುಡ್ಡೆಯ ಜಾಗದಲ್ಲಿ ಗರಸುಕಲ್ಲು ಮಾತ್ರ ಉಳಿದಿತ್ತು.

"ಮಣ್ಣೇ ಇಲ್ಲ, ನಾನೇನು ಹರಡ್ಲಿ?" ಎಂದರು ಮ್ಯಾನೇಜರು. "ಹುಲ್ಲು ಕಿತ್ತೋರು ಯಾರು ಅಂತ ಮೇಲಿನೋರು ಕೇಳಿದ್ರೆ?"

"ನಾನೇ ಅನ್ನಿ," ಎಂದರು ಅತ್ತೆ.

ಮ್ಯಾನೇಜರು ಹಾಗೆಯೇ ಹೇಳಿರಬೇಕು. ಮಣ್ಣು ಹರಡದೆಯೇ ಸಹಿಯಾಯಿತು, ಕ್ವಾರಿ ಮುಚ್ಚಿತು, ಗೇಟಿಗೆ ಬೀಗ ಬಿತ್ತು. ಬೇರೆ ಕಡೆಯಿಂದ ಮಣ್ಣು ತರುವ ಮಾತು ಯಾರೂ ಎತ್ತಲಿಲ್ಲ.

ಈಗ ನಮ್ಮ ಹಿತ್ತಲಿನಾಚೆ ಬರೀ ಕಲ್ಲಿನ ಇಳಿಜಾರು. ಹುಲ್ಲಿನ ಹಿಡಿತವಿಲ್ಲದೆ ಕಲ್ಲುಗಳು ನಿಲ್ಲುವುದಿಲ್ಲ. ಒಂದು ಜಾರಿದರೆ ಹಿಂದೆಯೇ ನಾಲ್ಕು ಜಾರುತ್ತವೆ, ಕೊನೆಗೆ ನೀರಿನ ಸದ್ದು. ಪಾತ್ರೆ ತೊಳೆಯುವಾಗ ಆ ಸದ್ದು ಕೇಳಿದರೆ ನಾನು ಮೊದಲು ಮಗಳ ಹೆಸರು ಹಿಡಿದು ಕೂಗುತ್ತೇನೆ.

ಅತ್ತೆಗೆ ಈಗ ಕೆಲಸವಿಲ್ಲ. ಮಗಳು ಎದ್ದ ಕೂಡಲೇ ಮಣೆ ತೆಗೆದುಕೊಂಡು ಹೋಗಿ ತಂತಿಯಾಚೆ ಕೂರುತ್ತಾರೆ, ಗುಂಡಿಗೆ ಬೆನ್ನು ಮಾಡಿ, ಮನೆಯ ಕಡೆ ಮುಖ ಮಾಡಿ.

"ಬಿಸಿಲು ಸುಡ್ತಿದೆ, ಒಳಗೆ ಬನ್ನಿ ಅತ್ತೆ," ಎಂದು ಇವತ್ತೂ ಕರೆದೆ.

"ಅವಳು ಮಲಗ್ಲಿ ಕಣೇ, ಬರ್ತೀನಿ," ಎಂದರು.