ನೀ ಏಳು

ದೊಡ್ಡಗಾಜನೂರಿನ ಮನೆಯಲ್ಲಿ ಅವ್ವನಿಗೂ ನನಗೂ ಒಟ್ಟಿಗೇ ಕೊರೋನಾ ಬಂತು. ಜ್ವರದಲ್ಲಿ ನನಗೆ ಹಗಲೂ ಕನಸಿನ ಹಾಗೇ ಇತ್ತು. ಕಿಟಕಿಯಿಂದ ಮಂಜು ಒಳಗೆ ಬರುತ್ತಿತ್ತೋ, ನನ್ನ ಕಣ್ಣೇ ಮಂಜಾಗಿತ್ತೋ ಗೊತ್ತಾಗುತ್ತಿರಲಿಲ್ಲ. ಆಚೆಯ ಚೆಂಡುಹೂವಿನ ಹೊಲ ತೇಲಿಬಂದು ಮಂಚದ ಪಕ್ಕ ನಿಂತಂತಿತ್ತು.

ತಾಳವಾಡಿಯ ನರ್ಸಮ್ಮ ಅವ್ವನ ಬೆರಳಿಗೆ ಒಂದು ಕ್ಲಿಪ್ಪು ಹಾಕಿ, ನನ್ನ ಫೋನಿಗೆ ಜೋಡಿಸಿಕೊಟ್ಟು ಹೋಗಿದ್ದರು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದು ಅದರಿಂದ ಅವರಿಗೆ ತಲುಪಬೇಕು. ಜೊತೆಗೆ ಫೋನಿನೊಳಗಿಂದ ಒಬ್ಬಳು ಆಗಾಗ ವಿಚಾರಿಸುತ್ತಿದ್ದಳು. ಮನುಷ್ಯಳಲ್ಲ, ಕೃತಕ ಬುದ್ಧಿಯ ಯಂತ್ರ. ಪಾಠ ಓದುವಂಥ ಕನ್ನಡ. ಅರೆನಿದ್ದೆಯಲ್ಲಿ ನನಗೆ ಯಾರೋ ದೂರದ ಚಿಕ್ಕಮ್ಮ ಬಂದು ಕೂತಿದ್ದಾಳೆ ಅನ್ನಿಸುತ್ತಿತ್ತು.

ಅವ್ವನಿಗೆ ಒಂದೇ ಭಯ: ಘಾಟಿ ಇಳಿದು ಸತ್ಯಮಂಗಲದ ಆಸ್ಪತ್ರೆಗೆ ಹೋದರೆ ಮತ್ತೆ ಬರುವುದಿಲ್ಲ ಅಂತ. ಅದಕ್ಕೇ ಕ್ಲಿಪ್ಪು ಕಿತ್ತು ದಿಂಬಿನಡಿ ತಳ್ಳುವಳು. "ಕಚ್ತದ ಕೂಸೇ ಅದು," ಅನ್ನುವಳು. ಮಹಾ ಹಠಮಾರಿ. ಒಂದೊಂದು ಉಸಿರಿಗೂ ಅವಳ ಭುಜ ಏರಿಳಿಯುವುದನ್ನು ನೋಡಿ ನನಗೆ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ಫೋನು ಕೇಳಿತು: "ಉಸಿರಾಟದ ಕಷ್ಟ ಒಂದರಿಂದ ಹತ್ತರೊಳಗೆ ಎಷ್ಟಿದೆ?"

ಅವ್ವ ನನ್ನತ್ತ ಕಣ್ಣು ಬಿಟ್ಟು, "ನೀ ಏಳು," ಅಂದಳು. ಏನೂ ಇಲ್ಲವೆಂದು ನೀನೇ ಹೇಳಿಬಿಡು ಎಂದರ್ಥ. ನಮ್ಮ ಕಡೆ 'ಹ' ನಾಲಿಗೆಗೆ ಹತ್ತುವುದಿಲ್ಲ. ಹೇಳು ಅನ್ನುವುದೂ ಏಳೇ.

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು, "ಏಳು. ನರ್ಸ್‌ಗೆ ತಿಳಿಸಲಾಗಿದೆ," ಅಂದಿತು.

"ಅಯ್ಯೋ ಇವಳ ಮನೆ ಆಳಾಗ. ನಾ ಲೆಕ್ಕ ಏಳ್ನಿಲ್ಲ ಕಣವ್ವ," ಎಂದು ಅವ್ವ ಫೋನಿಗೇ ಬೈದಳು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು.

ನರ್ಸಮ್ಮ ಆಂಬುಲೆನ್ಸಿನಲ್ಲೇ ಬಂದರು. ಅವ್ವನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿದವರೇ, "ಇನ್ನೂ ಬುಟ್ಟಿದ್ರೆ ಕೈಗೆ ಸಿಕ್ತಿರ್ನಿಲ್ಲ," ಅಂದರು. ಅವ್ವನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ ಕರೆದೊಯ್ದರು. ಜ್ವರದ ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಗಾಡಿ ಮಂಜಿನೊಳಗೆ ಹೋಯಿತು. ಅದರ ಸದ್ದು ಮಾತ್ರ ಎಷ್ಟೋ ಹೊತ್ತು ನನ್ನ ತಲೆಯಲ್ಲೇ ಘಾಟಿ ಇಳಿಯುತ್ತಿತ್ತು.

ಕೆಲವು ದಿನ ಸುದ್ದಿಯೇ ಇಲ್ಲ. ಆಮೇಲೆ ವಾರ್ಡಿನಿಂದ ಯಾರೋ ವಿಡಿಯೊ ಕರೆ ಮಾಡಿ ಅವ್ವನ ಮುಖ ತೋರಿಸಿದರು. ಕಣ್ಣು ಮುಚ್ಚಿತ್ತು. ಎದ್ದು ಕೂರಲಿ, ಒಂದು ಸಲ ನೋಡಲಿ ಎಂದು, "ಏಳವ್ವಾ," ಅಂದೆ. "ಏಳವ್ವಾ."

ಕಣ್ಣು ತೆರೆಯದೆಯೇ ಅವ್ವ ಅಂದಳು: "ಏನ ಏಳ್ಳಿ ಕೂಸೇ? ಉಸ್ರು ಬತ್ತಾ ಅದ."